ಮಣಿಕಟ್ಟಿನ ಹಸಿರು ದೀಪ

ಒಂದೂರಲ್ಲಿ ಗ್ರಾನೈಟ್ ವ್ಯಾಪಾರ ಮಾಡಿ ಸಿರಿವಂತನಾದ ಒಬ್ಬನಿದ್ದ. ಅವನಿಗೆ ಒಬ್ಬಳೇ ಮಗಳು. ಮಗಳಿಗೋ ಭಾರ ಎತ್ತುವ ಹುಚ್ಚು. ಕಬ್ಬಿಣದ ಸರಳಿನ ಎರಡೂ ತುದಿಗೆ ಭಾರದ ತಟ್ಟೆ ಸಿಕ್ಕಿಸಿ ನೆಲದಿಂದ ಎತ್ತುತ್ತಾರಲ್ಲ, ಆ ಆಟ. ರಾಜ್ಯಮಟ್ಟದ ಸ್ಪರ್ಧೆ ಹತ್ತಿರ ಬಂದಿತ್ತು. ಅಪ್ಪ ಸುಮ್ಮನಿರುತ್ತಾನೆಯೇ? ಅವಳ ಮಣಿಕಟ್ಟಿಗೆ ಕಟ್ಟುವ ಒಂದು ಯಂತ್ರ ತರಿಸಿದ. ಸರಳು ಎಷ್ಟು ವೇಗವಾಗಿ ಮೇಲೇರಿತು ಎಂದು ಅದು ಹೇಳುತ್ತದೆ. ವೇಗ ಸಾಕಷ್ಟಿದ್ದರೆ ಹಸಿರು ದೀಪ, ಭಾರ ಏರಿಸಬಹುದು. ಮೈ ದಣಿದು ಸರಳು ನಿಧಾನವಾದರೆ ಕೆಂಪು, ಅಂದಿಗೆ ನಿಲ್ಲಿಸಬೇಕು.

ದಿನವೂ ಸಂಜೆ ಅಂಗಡಿ ಬಿಟ್ಟು ಅವಳ ವ್ಯಾಯಾಮಶಾಲೆಗೆ ಬಂದು ಅವನು ಕುರ್ಚಿ ಹಾಕಿ ಕೂರುತ್ತಿದ್ದ. ಮಗಳನ್ನು ನೋಡುವುದಕ್ಕಲ್ಲ, ನೋಡಿ, ದೀಪವನ್ನು ನೋಡುವುದಕ್ಕೆ. ಹಸಿರು ಬಂದರೆ ಮುಖ ಅರಳುತ್ತಿತ್ತು. ಕೆಂಪು ಬಂದ ದಿನ ಮನೆ ಮುಟ್ಟುವವರೆಗೂ ಕಾರಿನಲ್ಲಿ ಮಾತಿಲ್ಲ.

ಅವಳಿಗೆ ತರಬೇತಿ ಕೊಡುತ್ತಿದ್ದವಳು ಒಬ್ಬ ನಡುವಯಸ್ಸಿನ ಹೆಂಗಸು, ನಾಲಿಗೆ ಸ್ವಲ್ಪ ಖಾರ. ಒಂದು ಸಂಜೆ ಆಕೆ ನೋಡುತ್ತಿದ್ದಂತೆ ಸರಳು ತೆವಳಿಕೊಂಡು ಮೇಲೇರಿತು. ದೀಪ ಮಾತ್ರ ಹಸಿರು!

"ಹಾಕಮ್ಮ, ಇನ್ನೊಂದು ತಟ್ಟೆ," ಅಂದ ಅಪ್ಪ.

"ತಡೀರಿ ಯಜಮಾನ್ರೇ. ನಿಮ್ಮ ಮಿಷಿನ್ನು ಎಮ್ಮೆ ನಡೆದ್ರೂ ಕುದುರೆ ಅನ್ನತ್ತೆ."

"ಎಷ್ಟು ದುಬಾರಿ ಗೊತ್ತಾ ಮೇಡಂ ಅದು?"

"ದುಬಾರಿ ಆದ್ರೆ ಸುಳ್ಳು ಹೇಳಲ್ವಾ?"

ಆಕೆ ಒಂದು ಪುಟ್ಟ ಡಬ್ಬಿ ತಂದು ನೆಲದ ಮೇಲಿಟ್ಟಳು. ಅದರೊಳಗಿಂದ ಸಣ್ಣ ದಾರ ಎಳೆದು ಸರಳಿಗೇ ಸಿಕ್ಕಿಸಿದಳು. "ಕೈ ಏನೇ ಕುಣೀಲಿ, ಇದಕ್ಕೆ ಸಂಬಂಧ ಇಲ್ಲ. ಸರಳು ಎಷ್ಟು ಹೋಯ್ತೋ ಅಷ್ಟೇ ಹೇಳತ್ತೆ. ಇವತ್ತು ಒಂದು, ನಾಳೆ ಒಂದು ಅನ್ನಲ್ಲ. ಹೋದ ತಿಂಗಳು ಇದೇ ಭಾರಕ್ಕೆ ಇದರಲ್ಲೇ ಅಳೆದಿದ್ದೀನಿ. ಎತ್ತು ಮಗಳೇ."

ಹುಡುಗಿ ಎತ್ತಿದಳು. ಮಣಿಕಟ್ಟಿನಲ್ಲಿ ಹಸಿರು. ಡಬ್ಬಿಯ ಮೇಲಿನ ಅಂಕಿ ಹೋದ ತಿಂಗಳಿಗಿಂತ ಬಹಳ ಕೆಳಗೆ.

ಆಕೆಯ ದನಿ ಮೆತ್ತಗಾಯಿತು. "ಎಲ್ಲಾದರೂ ನೋಯ್ತಾ ಇದೆಯೇನೇ?"

ಹುಡುಗಿ ಅಪ್ಪನ ಕಡೆ ನೋಡಿದಳು. ಕಣ್ಣು ತುಂಬಿತು. "ಸೊಂಟ, ಮೇಡಂ. ಮಲಗಿದ್ರೂ ನೋಯತ್ತೆ."

"ಮತ್ತೆ ಹಸಿರು ಹೆಂಗೆ ಬಂತು?"

"ಎತ್ತುವಾಗ ಮಣಿಕಟ್ಟು ಒಂದು ಸಲ ಝಾಡಿಸ್ತೀನಿ. ಅದನ್ನೇ ವೇಗ ಅನ್ಕೊಳತ್ತೆ ಅದು. ಹಸಿರು ಬಂದ್ರೆ ಅಪ್ಪ ನಗ್ತಾರೆ."

ಅಪ್ಪ ಎದ್ದು ನಿಂತ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ, ಸರಳಿನ ಒಂದು ಏರಿಕೆ. ಅದರಲ್ಲಿ ಮಗಳ ನಿದ್ದೆಗೆಟ್ಟ ರಾತ್ರಿಗಳಿದ್ದವು, ನೋವಿತ್ತು, ತನ್ನ ಮೇಲಿನ ಹೆದರಿಕೆಯೂ ಇತ್ತು. ಹೆತ್ತವನಿಗೆ ಕಾಣದ್ದನ್ನು ಒಂದು ದಾರದ ಎಳೆ ಕಂಡಿತ್ತು! ಮನುಷ್ಯನ ಮೈ ಎಂಥದು, ಬಾಯಿ ಮುಚ್ಚಿದರೂ ನಿಜ ನುಡಿಯುವ ಮೈ! ಅವನಿಗೇ ತಿಳಿಯದಂತೆ ಅವನು ಚಪ್ಪಲಿ ಕಳಚಿ ನಿಂತಿದ್ದ. ಆಮೇಲೆ ಬಗ್ಗಿ, ಸರಳಿನ ತಟ್ಟೆಗಳನ್ನು ಒಂದೊಂದಾಗಿ ತಾನೇ ಇಳಿಸಿದ. ಆ ವರ್ಷದ ಸ್ಪರ್ಧೆ ಕೈಬಿಟ್ಟುಹೋಯಿತು. ಮಗಳ ಸೊಂಟ ಉಳಿಯಿತು.

ನೀವು ಅನ್ನಬಹುದು, ನಮ್ಮ ಮನೆಯಲ್ಲಿ ಯಾರೂ ಭಾರ ಎತ್ತುವುದಿಲ್ಲ ಎಂದು. ಎತ್ತುವುದಿಲ್ಲವೇ? ನಿಮ್ಮ ಮಕ್ಕಳ ಬೆನ್ನು ನೋಡಿದ್ದೀರಾ? ಅವರನ್ನು ಅಳೆಯುವ ಯಂತ್ರ ಯಾವುದು? ನಮ್ಮ ಮುಖ. ನೋಡಿ, ಸಂಬಳ ಬಂದ ದಿನ ಮಗು ಹಾಲು ಚೆಲ್ಲಿದರೆ "ಹೋಗ್ಲಿ ಬಿಡು ಪುಟ್ಟ". ಬಸ್ಸು ತಪ್ಪಿದ ದಿನ ಚೆಲ್ಲಿದರೆ ಬೆನ್ನಿಗೊಂದು ಗುದ್ದು. ಅದೇ ಲೋಟ, ಅದೇ ಹಾಲು, ಅದೇ ಮಗು! ದಿನವೂ ಒಂದೇ ಸಮ ಬಿಗಿಯಾಗಿರುವ ತಾಯಿಯ ಜೊತೆ ಮಗು ಹೇಗೋ ಹೊಂದಿಕೊಳ್ಳುತ್ತದೆ. ಗಳಿಗೆಗೊಂದು ಅಳತೆ ಹೇಳುವವರ ಜೊತೆ ಏನು ಕಲಿಯುತ್ತದೆ? ನಮ್ಮ ಮುಖ ಅರಳಿಸುವ ಉಪಾಯ ಕಲಿಯುತ್ತದೆ. ನೋವು ಒಳಗೇ ಉಳಿಯುತ್ತದೆ.

ದಣಿದಿದ್ದೀರಿ, ಗೊತ್ತು. ದಣಿಯದ ತಂದೆತಾಯಿ ಎಲ್ಲಿದ್ದಾರೆ? ಆದರೂ ಇಂದು ಮನೆಗೆ ಹೋದಾಗ ಮಗು ಕಡಿಮೆ ಅಂಕದ ಹಾಳೆಯನ್ನೋ ಹರಿದ ಚೀಲವನ್ನೋ ತಂದು ಎದುರಿಗೆ ನಿಂತರೆ, ನಿಮ್ಮ ಅತ್ಯಂತ ಒಳ್ಳೆಯ ದಿನದಲ್ಲಿ ಹೇಗೆ ಕೇಳುತ್ತಿದ್ದಿರೋ ಹಾಗೆಯೇ ಕೇಳಿ. ನಾಳೆಯೂ ಹಾಗೆಯೇ ಕೇಳಿ. ಪಕ್ಕದಲ್ಲಿ ಕೂತು, "ಏನಾಯ್ತು, ಹೇಳು" ಅನ್ನಿ. ಅದು ಹೇಳಿ ಮುಗಿಸುವವರೆಗೂ ಏಳಬೇಡಿ.