ಹಗ್ಗ ಹಿಡಿದವನ ಪಾಲು

ಎಪ್ಪತ್ತೈದರ ಬೇಸಿಗೆ. ಹೊನ್ನಾವರ ಬಸ್‌ಸ್ಟ್ಯಾಂಡಿನಲ್ಲಿ ಕುಮಟೆ ಬಸ್ಸಿಗೆ ಕಾದು ಕೂತಿದ್ದ ಗುಮಾಸ್ತ ವಾಮನರಾಯರ ಕಿವಿ ಪಕ್ಕದ ಬೆಂಚಿನತ್ತ ಹೊರಳಿತು. ಖಾಲಿ ಮೀನುಬುಟ್ಟಿ ಕಾಲಬುಡದಲ್ಲಿಟ್ಟುಕೊಂಡ ಇಬ್ಬರು ಹೆಂಗಸರು ಒಂದು ಫೋಟೋ ನೋಡುತ್ತಿದ್ದರು. ದೂರದ ಮಿಲಿಟರಿ ಅಕಾಡೆಮಿಯ ಫುಟ್‌ಬಾಲ್ ತಂಡ. ನಡುವೆ ಬೆಳ್ಳಿಯ ಕಪ್.

“ನಿನ್ನ ಮಗ ಸೋಮ ಯಾರೇ, ಲಕ್ಕಿ?”

“ಕಡೇಲಿ ಕೈ ಹಿಂದೆ ಕಟ್ಕಂಡು ನಿಂತಾನಲ್ಲ, ಅಂವ, ತಿಮ್ಮಕ್ಕಾ.”

“ಉಳ್ದವ್ರೆಲ್ಲ ಕಪ್ ಮುಟ್ಕಂಡು ನಿಂತಾರೆ. ಇವನಿಗೆ ಎಂತ ಆತು?”

“ಈ ವರ್ಷ ಹನ್ನೊಂದು ಆಟ ಆತಂತೆ. ಒಂದ್ರಲ್ಲೂ ಇವನ್ನ ಇಳಿಸ್ಲಿಲ್ಲ. ಯಾರಿಗಾದ್ರೂ ಪೆಟ್ಟಾದ್ರೆ ಬೇಕು ಅಂತ ಬದೀಗೆ ಕೂರ್ಸಿದ್ರಂತೆ. ನಾಚ್ಕೆ ಆಗಿ, ರಜೆಗೆ ಊರಿಗೇ ಬರೂದಿಲ್ಲ ಅಂತ ಬರ್ದಾನೆ.”

“ನೀನು ಕೇರಿ ತುಂಬ ಮಗ ಕಪ್ ಗೆದ್ದ ಅಂದ್ಯಲ್ಲೇ!”

“ಈಗ ಅದೇ ಹೆದ್ರಿಕೆ.”

ಕುಮಟೆ ಬಸ್ಸು ಬಂತು. ವಾಮನರಾಯರು ಏಳಲಿಲ್ಲ.

“ಮೊನ್ನೆ ಕೇರಿಯವ್ರೆಲ್ಲ ಸೇರಿ ರಂಪಣಿ ಬಲೆ ಎಳೆವಾಗ ನಿನ್ನ ಗಂಡ ಎಲ್ಲಿದ್ದ?” ತಿಮ್ಮಕ್ಕ ಕೇಳಿದಳು.

“ದಂಡೆ ಮೇಲೆ. ಹಗ್ಗದ ತುದಿ ಹಿಡ್ಕಂಡಿದ್ದ.”

“ದೋಣಿ ಹತ್ಲಿಲ್ಲ, ಬಲೆ ಬಿಡ್ಲಿಲ್ಲ. ಮೀನಿನ ಪಾಲು ಬಂತೋ ಇಲ್ವೋ?”

“ಬಂತು. ಹಗ್ಗ ಹಿಡ್ದವ್ರಿಗೆಲ್ಲ ಕೊಡ್ತಾರಲ್ಲ.”

“ಮತ್ತೆ?”

ಲಕ್ಕಿ ಫೋಟೋವನ್ನು ಇನ್ನೊಮ್ಮೆ ನೋಡಿದಳು. ಭಟ್ಕಳದ ಬಸ್ಸು ಬಂದಿತ್ತು. ಇಬ್ಬರೂ ಬುಟ್ಟಿ ಎತ್ತಿಕೊಂಡು ಓಡಿದರು. ಬಾಗಿಲ ಬಳಿ ಲಕ್ಕಿಯ ದನಿ ಎಲ್ಲರಿಗೂ ಕೇಳಿತು:

“ನಿನ್ನ ಮಗಳ ಹತ್ರ ಇವತ್ತೇ ಕಾಗ್ದ ಬರೆಸ್ತೆ, ಅಕ್ಕಾ. ಕಪ್ಪಿಗೆ ಕೈ ಹಚ್ಚಿ ಇನ್ನೊಂದು ಫೋಟೋ ತೆಗೆಸ್ಕಂಡೇ ಊರಿಗೆ ಬಾ ಅಂತ.”