ಬಯಲು ಸಂಗೀತೋತ್ಸವದಲ್ಲಿ ಬೇಲಿ ಕಿತ್ತ ಬಗ್ಗೆ ಮೃತರ ಸೊಸೆಯ ಹೇಳಿಕೆ

ನಾನು ಮೃತರ ಸೊಸೆ. ವಯಸ್ಸು ನಲವತ್ತೊಂದು ವರ್ಷ. ಶಾಲಾ ಸಮವಸ್ತ್ರ ಹೊಲಿಯುವ ಕೆಲಸ. ವಾಸ, ಬೇಕರಿಯ ಮೇಲಿನ ಮಹಡಿ. ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ತೀರಿಹೋದ ಮೇಲೆ ಮನೆಯಲ್ಲಿ ನಾನು, ಅತ್ತೆಯವರು ಇಬ್ಬರೇ. ಅವರಿಗೆ ಅರವತ್ತೆಂಟು ವರ್ಷ. ಸದರಿ ಉತ್ಸವದಲ್ಲಿ ಹಾಡಲು ಬಂದಿದ್ದ, ತಾನೇ ಹಾಡು ಬರೆದು ಗಿಟಾರ್ ಹಿಡಿದು ಹಾಡುವ ಗಾಯಕಿಯೆಂದರೆ ಅವರಿಗೆ ಪ್ರಾಣ. ನಾನು ಮಿಷನ್ ತುಳಿಯುವಾಗ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಾ ಆಕೆಯ ಹಾಡನ್ನು ತಪ್ಪುತಪ್ಪಾಗಿ ಹಾಡುತ್ತಿದ್ದರು. ಬಯಲಿನ ಕಾರ್ಯಕ್ರಮಕ್ಕೆ ಹೋಗುವುದು ಬೇಡ, ಬಿಸಿಲು ಜಾಸ್ತಿ ಎಂದು ನಾನು ಹೇಳಿದೆ. "ಇಷ್ಟು ವರ್ಷ ಒಲೆ ಮುಂದೆ ನಿಂತವಳಿಗೆ ಬಿಸಿಲು ತೋರಿಸಿ ಹೆದರಿಸ್ತೀಯಲ್ಲೇ" ಎಂದು ನಕ್ಕರು.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಬಯಲು ತಲುಪಿದೆವು. ಗೇಟಿನಲ್ಲಿ ನಮ್ಮ ನೀರಿನ ಬಾಟಲಿ ಕಿತ್ತಿಟ್ಟುಕೊಂಡು, ಒಳಗೆ ಸಿಗುತ್ತದೆ ಎಂದರು. ಒಳಗಿನ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಹತ್ತಿರದಿಂದ ನೋಡಬೇಕೆಂದು ಹಟ ಹಿಡಿದು ಅತ್ತೆಯವರು ವೇದಿಕೆಯ ಮುಂದಿನ ಕಬ್ಬಿಣದ ಬೇಲಿಯ ಬಳಿ ನಿಂತರು. ಬೇಲಿ ಕೈ ಸುಡುತ್ತಿದ್ದುದರಿಂದ ಅದಕ್ಕೆ ನನ್ನ ಕರವಸ್ತ್ರ ಸುತ್ತಿಕೊಟ್ಟೆ. ಮೂರರ ಹೊತ್ತಿಗೆ ಹಿಂದೆ ಜನ ಕಿಕ್ಕಿರಿದು ವಾಪಸು ಹೋಗಲು ದಾರಿ ಉಳಿಯಲಿಲ್ಲ.

ನಾಲ್ಕಕ್ಕೆ ಗಾಯಕಿ ಬಂದಳು. ಎರಡನೇ ಹಾಡಿಗೆ ಅತ್ತೆಯವರ ಮಾತು ತೊದಲತೊಡಗಿತು. ಮೈ ಕೆಂಡದಂತಿತ್ತು, ಬೆವರಿರಲಿಲ್ಲ. ಹೇಗಾದರೂ ಹೊರಗೆ ಹೋಗೋಣ ಎಂದೆ. "ಸುಮ್ನಿರು, ಇದೊಂದು ಮುಗೀಲಿ" ಎಂದರು. ಅದು ಮುಗಿಯುವ ಮೊದಲೇ ಕುಸಿದರು. ಬೇಲಿಯಾಚೆ ಹತ್ತು ಅಡಿ ದೂರದಲ್ಲಿ ಶಾಮಿಯಾನದ ನೆರಳಿತ್ತು, ನೀರಿನ ಕ್ಯಾನುಗಳಿದ್ದವು. ಕಾವಲುಗಾರನಿಗೆ ಕೈಮುಗಿದೆ. ಮೇಲಿನವರು ಹೇಳದೆ ಬೇಲಿ ತೆಗೆಯುವಂತಿಲ್ಲ, ತೆಗೆದರೆ ತನ್ನ ಕೆಲಸ ಹೋಗುತ್ತದೆ ಎಂದು ಆತ ಮುಖ ತಿರುಗಿಸಿದ.

ಗಾಯಕಿ ಇದನ್ನು ನೋಡಿ ಹಾಡು ನಿಲ್ಲಿಸಿದಳು. "ಅಣ್ಣಾ, ಅಲ್ಲಿ ಅಮ್ಮ ಒಬ್ರು ಬಿದ್ದಿದಾರೆ. ಬೇಲಿ ತೆಗೀರಿ" ಎಂದು ಕಾವಲುಗಾರನಿಗೆ ಹೇಳಿದಳು. ಎರಡನೇ ಸಲ ಹೇಳುವಷ್ಟರಲ್ಲಿ ಮೈಕ್ ನಿಲ್ಲಿಸಿದರು. ಆಕೆಯ ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ಏನಾಗಿದೆಯೆಂದು ತಿಳಿಯದ ಹಿಂದಿನವರು ಹಾಡು ಹಾಡು ಎಂದು ಕೂಗುತ್ತಿದ್ದರು. ಆಗ ನಾನು ಬೇಲಿಯ ಕೊಂಡಿ ಕಿತ್ತು ಎಳೆದೆ. ನಂತರ ಅಕ್ಕಪಕ್ಕದವರು ಕೈ ಹಾಕಿದರು. ಬೇಲಿ ಮೇಲೆ ಬಿದ್ದು ಕಾವಲುಗಾರನ ಕಾಲು ಮುರಿಯಿತು. ಹಾಗಾಗಬಾರದಿತ್ತು.

ಗಾಯಕಿ ಇಳಿದು ಬಂದು ಅತ್ತೆಯವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಹಾಕಿದಳು. ಅತ್ತೆಯವರಿಗೆ ಅವಳ ಗುರುತು ಹತ್ತಲಿಲ್ಲ. "ನನ್ನಿಂದ ಆ ಹುಡುಗಿ ಹಾಡು ಹಾಳಾಯ್ತಲ್ಲೇ" ಎಂದು ನನಗೆ ಹೇಳಿದರು. ಮತ್ತೆ ಮಾತಾಡಲಿಲ್ಲ. ಆಂಬುಲೆನ್ಸ್ ಬರುವ ಮೊದಲೇ ಉಸಿರು ನಿಂತಿತು.

ಗಾಯಕಿ ಜನರನ್ನು ಎತ್ತಿಕಟ್ಟಿ ಬೇಲಿ ಕೀಳಿಸಿದಳೆಂದು ಆಯೋಜಕರು ದೂರು ಕೊಟ್ಟು, ಆಕೆಯನ್ನು ರಾತ್ರಿಯಿಂದ ಠಾಣೆಯಲ್ಲಿ ಕೂರಿಸಿರುವುದು ತಿಳಿದು ಬಂದಿದ್ದೇನೆ. ಆಕೆ ಜನರಿಗೆ ಏನೂ ಹೇಳಲಿಲ್ಲ. ಬೇಲಿಗೆ ಮೊದಲು ಕೈ ಹಾಕಿದವಳು ನಾನು. ಹೀಗೆ ಬರೆಸಿದರೆ ಕೇಸು ನನ್ನ ಮೇಲೆ ಬೀಳುತ್ತದೆಂದು ಬರೆದುಕೊಳ್ಳುತ್ತಿದ್ದ ಪೇದೆಯವರು ಎಚ್ಚರಿಸಿದರು. "ಬೀಳಲಿ ಸಾರ್, ಬರ್ಕೊಳ್ಳಿ" ಎಂದೆ.

ಓದಿ ಹೇಳಿದಾಗ ಇದರಲ್ಲಿ 'ಗಾಯಕಿಯ ಪ್ರಚೋದನೆಯಿಂದ' ಎಂಬ ಮಾತು ಸೇರಿತ್ತು. ನಾನು ಅದನ್ನು ಹೇಳಿಲ್ಲ. ಅದನ್ನು ಹೊಡೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಉಳಿದದ್ದು ನಾನು ಕಂಡಿದ್ದು, ನಾನೇ ಮಾಡಿದ್ದು, ಸತ್ಯ. ಅತ್ತೆಯವರನ್ನು ಶವಾಗಾರದಿಂದ ಮನೆಗೆ ಕರೆದುಕೊಂಡು ಹೋಗಬೇಕಿರುವುದರಿಂದ ಇಲ್ಲಿಗೆ ನಿಲ್ಲಿಸಿದ್ದೇನೆ.

ಸ್ಥಳ: ಠಾಣೆ
ದಿನ: ಸೋಮವಾರ ಬೆಳಿಗ್ಗೆ
ಸಹಿ: ಮೃತರ ಸೊಸೆ