ತಡವಾದ ಚಪ್ಪಾಳೆ

ಕಣ್ಣಾಸ್ಪತ್ರೆಯಲ್ಲಿ ಟೋಕನ್ ಹಿಡಿದು ಕಾಯುತ್ತಿದ್ದ ಟೈಲರಮ್ಮನ ಪಕ್ಕದಲ್ಲೇ ಗುರುತಿಲ್ಲದ ಅತ್ತಿಗೆ, ನಾದಿನಿ ಇಬ್ಬರು ಕೂತಿದ್ದರು. ಗೋಡೆಯ ಟೀವಿಯಲ್ಲಿ ಹಾಡಿನ ಸ್ಪರ್ಧೆ. ಮಿರಿಮಿರಿ ಲಂಗದ ಹುಡುಗಿಯೊಬ್ಬಳು ಹಾಡುತ್ತಿದ್ದಳು.

“ಅತ್ತಿಗೆ, ನಮ್ಮ ಮಿಲ್ಲಿನ ಮುಷ್ಕರದ ಹಾಡು!”

“ಹೂಂ ಕಣೆ. ಗೇಟಿನ ಮುಂದೆ ಗಂಟಲು ಹರ್ಕೊಂಡು ಹಾಡಿದ್ದು. ಈಗ ನೋಡು, ಪಿಟೀಲು ಬೇರೆ.”

“ಚೆನ್ನಾಗೇ ಹಾಡ್ತಿದಾಳೆ.”

“ಹಾಡೋದೇನೋ ಹಾಡ್ತಿದಾಳೆ. ನಿಮ್ಮಣ್ಣನ ಚಪ್ಪಾಳೆ ಇಲ್ಲ.”

ನಾದಿನಿ ಕಿಸಕ್ಕನೆ ನಕ್ಕಳು. “ಅಣ್ಣಂಗೆ ತಾಳ ಅನ್ನೋದೇ ಗೊತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಅವನದೊಂದು ಟಪ್!”

“ಪೊಲೀಸರೂ ನಗೋರು.”

“ಅವತ್ತಿನ ಕ್ಯಾಸೆಟ್ ನಿಮ್ಮ ಹತ್ರಾನೇ ಇದೆಯಲ್ಲ, ಕೇಳ್ತಿರ್ತೀರಾ?”

“ಅವರು ತೀರ್ಕೊಂಡ ವರ್ಷ ದಿನಾ ಕೇಳ್ತಿದ್ದೆ. ಟೇಪು ಸವೆದು ಕರಕರ ಅನ್ನೋಕೆ ಶುರುವಾಯ್ತು. ಈಗ ಹಾಕಲ್ಲ ಕಣೆ. ಆ ಒಂದು ಟಪ್ಪೂ ಹೋಗಿಬಿಟ್ರೆ?”

ಅಷ್ಟರಲ್ಲಿ ನರ್ಸ್ ಅವರ ನಂಬರು ಕೂಗಿದಳು. ನಾದಿನಿ ಅತ್ತಿಗೆಯ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.

ಟೀವಿಯಲ್ಲಿ ಹಾಡು ಮುಗಿದು ಜನ ಚಪ್ಪಾಳೆ ತಟ್ಟಿದರು. ಅದು ಕತ್ತರಿ ಹಾಕಿದ ಹಾಗೆ ಒಮ್ಮೆಗೇ ನಿಂತಿತು. ಟೈಲರಮ್ಮ ಕಿವಿಗೊಟ್ಟು ಕಾದಳು. ಆಮೇಲೆ ಒಂದೂ ಬರಲಿಲ್ಲ.